ಉಸುಕು ಕುಪ್ಪಳಿಸುವುದನ್ನು ಮನೆಯಲ್ಲೇ ನೋಡಿ, ಆಮೇಲೆ ಹೂಳಿನ ಗುಂಡಿ ತೋಡಿ

ಹೊಳಲ್ಕೆರೆ ಕಡೆ ನಮ್ಮದೊಂದು ಮಸಾರೆ ಹೊಲ ಇದೆ. ಅಲ್ಲಿ ಕೃಷಿ ಹೊಂಡ ತೆಗೆಸಿದ ವರ್ಷವೇ ಎರಡು ದೊಡ್ಡ ಮಳೆಗೆ ಹೊಂಡದ ಬಾಯಲ್ಲಿ ಮೊಣಕಾಲುದ್ದ ಉಸುಕು ಬಂದು ಕೂತಿತು. ಹಾಗಂತ ನಾನು ಏನೂ ಮಾಡಿರಲಿಲ್ಲ ಅಂತಲ್ಲ. ಹೂಳು ತಡೆಯಲಿ ಅಂತ ಹೊಂಡದ ಮುಂದೆ ಒಂದು ಗುಂಡಿ ಕಟ್ಟಿಸಿದ್ದೆ. ಕಟ್ಟಿದ ಮೇಸ್ತ್ರಿ ಗುಂಡಿಯಿಂದ ಹೊಂಡಕ್ಕೆ ಹೋಗುವ ಪೈಪನ್ನು ಸೀದಾ ತಳಕ್ಕೇ ಇಟ್ಟಿದ್ದ. "ತಳದಲ್ಲಿದ್ರೆ ನೀರು ಪೂರ್ತಿ ಇಳಿಯುತ್ತೆ ಸಾರ್" ಅಂದ. ನನಗೂ ಹೌದಲ್ವಾ ಅನ್ನಿಸಿತು. ತಪ್ಪು ಅವನೊಬ್ಬನದೇ ಅಲ್ಲ. ಉಸುಕು ನೀರಿನಲ್ಲಿ ಎಲ್ಲಿ ಓಡುತ್ತದೆ ಅಂತ ನಾನೂ ಯಾವತ್ತೂ ಕಣ್ಣಿಟ್ಟು ನೋಡಿರಲಿಲ್ಲ.

ಆಮೇಲೆ ನೋಡಿದೆ. ದಾವಣಗೆರೆಯ ಮನೆ ಮಹಡಿ ಮೇಲೆ ಎರಡು ಇಂಚು ಅಗಲದ ಒಂದು ಗಾಜಿನ ಕಾಲುವೆ ಮಾಡಿಕೊಂಡು, ಫೋನಿನ ಸ್ಲೋ ಮೋಷನ್ ಹಾಕಿ, ಒಂದು ಭಾನುವಾರ ಪೂರ್ತಿ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿಕೊಂಡು ನೋಡಿದೆ. ಅದನ್ನು ಮಾಡುವ ಬಗೆ ಇಲ್ಲಿದೆ. ಮಕ್ಕಳಿಗೆ ತೋರಿಸುವುದಕ್ಕೂ ಆಗುತ್ತದೆ, ಹೊಂಡ ಇದ್ದವರಿಗೆ ಉಪಯೋಗಕ್ಕೂ ಬರುತ್ತದೆ.

ಶುರು ಮಾಡುವ ಮುಂಚೆ

ಕಣದಲ್ಲಿ ರಾಗಿ ತೂರುವುದನ್ನು ನೋಡಿದ್ದೀರಲ್ವಾ? ಕಾಳು ಕಾಲ ಬುಡಕ್ಕೆ ಬೀಳುತ್ತದೆ, ಹೊಟ್ಟು ದೂರ ಹೋಗುತ್ತದೆ. ಹರಿಯುವ ನೀರಿನದೂ ಅದೇ ಕೆಲಸ. ಜೇಡಿ ಅಂದರೆ ಹೊಟ್ಟು. ಅದು ನೀರಿನ ತುಂಬ ಹರಡಿಕೊಂಡು ನೀರು ಹೋದಲ್ಲಿಗೆ ಹೋಗುತ್ತದೆ, ಮಳೆಗಾಲದಲ್ಲಿ ಹಳ್ಳ ಕೆಂಪಗೆ ಕಾಣುವುದು ಅದರಿಂದಲೇ. ದಪ್ಪ ಗರಸು ತಳದಲ್ಲಿ ಉರುಳುತ್ತದೆ, ಇಲ್ಲವೇ ಜಾರುತ್ತದೆ. ಇವೆರಡರ ನಡುವೆ ಇರುವುದು ಉಸುಕು. ಅದು ಕುಪ್ಪಳಿಸುತ್ತದೆ. ಎದ್ದಿತು, ನೀರು ಒಂದಿಷ್ಟು ದೂರ ಎತ್ತಿಕೊಂಡು ಹೋಯಿತು, ಬಿತ್ತು, ಮತ್ತೆ ಎದ್ದಿತು, ಹೀಗೆ. ಇಂಗ್ಲಿಷಿನಲ್ಲಿ ಇದಕ್ಕೆ ಸಾಲ್ಟೇಶನ್ ಅನ್ನುತ್ತಾರೆ. ಉಪ್ಪಿಗೂ ಇದಕ್ಕೂ ಸಂಬಂಧ ಇಲ್ಲ. ಲ್ಯಾಟಿನ್ನಿನಲ್ಲಿ ಕುಣಿ, ನೆಗೆ ಅನ್ನುವ ಮಾತಿನಿಂದ ಬಂದದ್ದು.

ಭಾರದ ಉಸುಕಿನ ಕಾಳು ಏಳುವುದು ಯಾಕೆ? ತಳಕ್ಕೆ ಅಂಟಿಕೊಂಡ ನೀರು ಹೆಚ್ಚೂಕಮ್ಮಿ ನಿಂತೇ ಇರುತ್ತದೆ, ಮೇಲೆ ಹೋದ ಹಾಗೆ ಓಟ ಜಾಸ್ತಿ. ಕಾಳಿನ ತಲೆಯ ಮೇಲೆ ನೀರು ಜೋರಾಗಿ ಓಡುವುದರಿಂದ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ, ಬುಡದಲ್ಲಿ ಜಾಸ್ತಿ ಉಳಿಯುತ್ತದೆ. ಹಿಂದಿನಿಂದ ನೀರಿನ ತಳ್ಳಾಟ ಬೇರೆ. ಮೇಲಾಗಿ ನೀರು ಒಂದೇ ಸಮನೆ ಹರಿಯುವುದಿಲ್ಲ, ಸಂತೆಯ ಜನರ ಹಾಗೆ ನುಗ್ಗುತ್ತದೆ, ತಡೆಯುತ್ತದೆ, ಮತ್ತೆ ನುಗ್ಗುತ್ತದೆ. ಆ ನುಗ್ಗುವ ಗಳಿಗೆಯಲ್ಲಿ ಕಾಳು ಎದ್ದುಬಿಡುತ್ತದೆ. ನೀರಿನಲ್ಲಿ ಮುಳುಗಿದ ಮರಳಿನ ತೂಕವೂ ಪೂರ್ತಿ ಇರುವುದಿಲ್ಲ. ಮರಳು ನೀರಿಗಿಂತ ಸುಮಾರು 2.65 ಪಟ್ಟು ಭಾರ. ಒಂದು ಪಾಲನ್ನು ನೀರೇ ಹೊತ್ತುಕೊಳ್ಳುವುದರಿಂದ 100 ಗ್ರಾಂ ಮರಳು ನೀರೊಳಗೆ 62 ಗ್ರಾಂನಷ್ಟೇ ತೂಗುತ್ತದೆ.

ಕಾಲುವೆ ಕಟ್ಟುವುದು

ಪ್ಲಾಸ್ಟಿಕ್ ಪೈಪನ್ನು ಸೀಳಿ ಮಾಡಿದರಾಯಿತು ಅಂತ ನಾನು ಮೊದಲು ಅಂದುಕೊಂಡೆ. ಮಾಡಬೇಡಿ. ದುಂಡಗಿನ ತಳದಲ್ಲಿ ಉಸುಕೆಲ್ಲ ನಡುವೆ ಗೆರೆಯಾಗಿ ಕೂರುತ್ತದೆ, ಪಕ್ಕದಿಂದ ನೋಡುವುದಕ್ಕೂ ಆಗುವುದಿಲ್ಲ. ನೆಗೆತ ಕಾಣಬೇಕಾದರೆ ಪಕ್ಕದಿಂದಲೇ ನೋಡಬೇಕು.

4 ಅಡಿ ಉದ್ದ, 2 ಇಂಚು ಅಗಲದ ನೀರು ತಡೆಯುವ ಪ್ಲೈವುಡ್ ಪಟ್ಟಿ ತಳಕ್ಕೆ. ಅಷ್ಟೇ ಉದ್ದ, 5 ಇಂಚು ಎತ್ತರದ ಪ್ಲೈವುಡ್ ಒಂದು ಪಕ್ಕಕ್ಕೆ. ಇನ್ನೊಂದು ಪಕ್ಕಕ್ಕೆ ಅದೇ ಅಳತೆಯ ಗಾಜು ಅಥವಾ ಅಕ್ರಿಲಿಕ್ ಶೀಟ್. ಗಾಜಿನ ಅಂಗಡಿಯಲ್ಲಿ ಕಿಟಕಿ ಗಾಜಿನ ತುಂಡನ್ನೇ ಕತ್ತರಿಸಿ ಕೊಡುತ್ತಾರೆ, ಅಂಚು ಉಜ್ಜಿ ಕೊಡಲು ಹೇಳಿ, ಇಲ್ಲದಿದ್ದರೆ ಕೈ ಕುಯ್ಯುತ್ತದೆ. ಪ್ಲೈವುಡ್ಡಿನ ಒಳಮೈಗೆ ಕಪ್ಪು ಬಣ್ಣ ಬಳಿಯಿರಿ. ಕಪ್ಪಿನ ಮುಂದೆ ಬಿಳಿ ಕಾಳು ಎದ್ದು ಕಾಣುತ್ತದೆ. ಬಣ್ಣ ಒಣಗಿದ ಮೇಲೆ ಅದರ ಮೇಲೆ ಸೆಂಟಿಮೀಟರಿಗೊಂದು ಬಿಳಿ ಗೆರೆ ಎಳೆಯಿರಿ, ಅಳತೆಗೆ ಬೇಕು. ಸಂದುಗಳಿಗೆ ಸಿಲಿಕಾನ್ ಹಚ್ಚಿ ಒಂದು ದಿನ ಪೂರ್ತಿ ಒಣಗಲು ಬಿಡಿ. ನಾನು ಆರು ಗಂಟೆಗೇ ನೀರು ಬಿಟ್ಟು ಮಹಡಿಯೆಲ್ಲ ಕೆಸರು ಮಾಡಿಕೊಂಡೆ, ಕೆಳಗಿನ ಮನೆಯವರ ಹಪ್ಪಳ ನೆಂದಿತು, ಆ ಕಥೆ ಬೇಡ.

ಕೆಳತುದಿಯಲ್ಲಿ 1 ಸೆಂ.ಮೀ. ಎತ್ತರದ ಒಂದು ಪಟ್ಟಿಯನ್ನು ಹೊಸ್ತಿಲಿನ ಹಾಗೆ ಅಂಟಿಸಿ, ತಳದಲ್ಲಿ ಹರಡಿದ ಉಸುಕು ಅದರಿಂದ ನಿಲ್ಲುತ್ತದೆ. ಮೇಲ್ತುದಿಯಲ್ಲಿ ಪಾತ್ರೆ ಉಜ್ಜುವ ನಾರಿನ ಎರಡು ಉಂಡೆ ತುರುಕಿ. ಪೈಪಿನಿಂದ ಬಿದ್ದ ನೀರಿನ ರಭಸ ಅಲ್ಲೇ ಸಾಯಬೇಕು. ಇಲ್ಲದಿದ್ದರೆ ನೀವು ನೋಡುವುದು ಪೈಪಿನ ಹೊಡೆತವನ್ನೇ ಹೊರತು ಹರಿವಿನ ಕೆಲಸವನ್ನಲ್ಲ.

ಮೇಲ್ತುದಿಯನ್ನು 12 ಮಿ.ಮೀ. ಎತ್ತಿ. ಒಂದು ದಪ್ಪ ನೋಟ್‌ಬುಕ್ ಇಟ್ಟರೆ ಹತ್ತಿರ ಹತ್ತಿರ ಸರಿಹೋಗುತ್ತದೆ. 1.2 ಮೀಟರಿಗೆ 12 ಮಿ.ಮೀ. ಅಂದರೆ ನೂರಕ್ಕೆ ಒಂದು ಇಳಿಜಾರು. ನೀರಿಗೆ 200 ಲೀಟರಿನ ಡ್ರಮ್ಮು, ಅದಕ್ಕೆ 1 ಇಂಚಿನ ವಾಲ್ವ್, ಡ್ರಮ್ಮನ್ನು ಎತ್ತರದಲ್ಲಿಡಿ. ಕೆಳಗೆ ಟಬ್ಬು ಇಟ್ಟು ಬಟ್ಟೆಯಲ್ಲಿ ಸೋಸಿ ಅದೇ ನೀರನ್ನು ಮತ್ತೆ ಸುರಿಯಿರಿ. ನಮ್ಮ ಕಡೆ ಬೇಸಿಗೆಯಲ್ಲಿ ನೀರಿಗೆ ಎಷ್ಟು ಪರದಾಟ ಅಂತ ಗೊತ್ತಲ್ಲ, ಸುಮ್ನೆ ಮೋರಿಗೆ ಬಿಡಬೇಡಿ.

ಉಸುಕು ಮತ್ತು ರಾಗಿ

ಹೊಳೆಗೆ ಹೋಗಿ ಮರಳು ತರಬೇಡಿ, ಎಲ್ಲೋ ಮನೆ ಕಟ್ಟುವಲ್ಲಿ ಎರಡು ಬೊಗಸೆ ಕೇಳಿದರೆ ಕೊಡುತ್ತಾರೆ. ಅದನ್ನು ಎರಡು ಮೂರು ಸಲ ತೊಳೆದು ದೂಳು ತೆಗೆಯಿರಿ. ಒಣಗಿಸಿ, ಮೊದಲು ಚಹಾ ಸೋಸುವ ಜಾಳಿಗೆಯಲ್ಲಿ, ಆಮೇಲೆ ಹಿಟ್ಟಿನ ಜರಡಿಯಲ್ಲಿ ಆಡಿಸಿ. ಜಾಳಿಗೆಯಲ್ಲಿ ಇಳಿದು ಜರಡಿಯ ಮೇಲೆ ಉಳಿದದ್ದು ನಮಗೆ ಬೇಕಾದ ಉಸುಕು. ಎಂ ಸ್ಯಾಂಡ್ ಆದರೂ ನಡೆಯುತ್ತದೆ, ಆದರೆ ಅದು ಚೂಪು ಮೂಲೆಯದು, ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ, ಏಳುವುದಕ್ಕೆ ಸ್ವಲ್ಪ ಜಗಮೊಂಡು. ಹೊಳೆ ಮರಳು ಉರುಳಿ ಉರುಳಿ ದುಂಡಗಾಗಿರುತ್ತದೆ.

ಒಂದು ಹಿಡಿ ರಾಗಿಯನ್ನೂ ರಾತ್ರಿ ನೆನೆಹಾಕಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಉಸುಕನ್ನು ಕಾಲುವೆಯ ತಳದಲ್ಲಿ 1 ಸೆಂ.ಮೀ. ದಪ್ಪ ಹರಡಿ, ಸ್ಕೇಲಿನಿಂದ ಎಳೆದು ಸಮ ಮಾಡಿ. ವಾಲ್ವನ್ನು ಕೂದಲಷ್ಟು ತಿರುಗಿಸಿ. ಉಸುಕು ನೆನೆದು ನೀರು ಮೇಲೇರುವವರೆಗೆ ಕಾಯಿರಿ. ಆತುರ ಬೇಡ.

ನೋಡುವುದು

ಫೋನನ್ನು ಗಾಜಿನ ಪಕ್ಕ, ಉಸುಕಿನ ಮಟ್ಟಕ್ಕೇ ಇಡಿ. ಮೇಲಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಸಂಜೆ ನಾಲ್ಕರ ಓರೆ ಬಿಸಿಲು ಒಳ್ಳೆಯದು, ಸ್ಲೋ ಮೋಷನ್ನಿಗೆ ಬೆಳಕು ಜಾಸ್ತಿ ಬೇಕು. ಸೆಕೆಂಡಿಗೆ 240 ಫ್ರೇಮ್ ಇದ್ದರೆ ಸಾಕು, 120 ಇದ್ದರೂ ನಡೆಯುತ್ತದೆ.

ಈಗ ವಾಲ್ವನ್ನು ಸ್ವಲ್ಪ ಸ್ವಲ್ಪವೇ ತೆರೆಯಿರಿ. ಮೊದಲು ಏನೂ ಆಗುವುದಿಲ್ಲ. ಇನ್ನೂ ತೆರೆದರೂ ಏನೂ ಆಗುವುದಿಲ್ಲ. ಆಮೇಲೆ ಎಲ್ಲೋ ಒಂದು ಕಡೆ ಒಂದೇ ಒಂದು ಕಾಳು ಅಲುಗಾಡುತ್ತದೆ, ಕೂತಲ್ಲೇ ತೂಗುತ್ತದೆ, ಮಗು ಉಯ್ಯಾಲೆಯಲ್ಲಿ ಆಡಿದ ಹಾಗೆ, ಒಮ್ಮೆಲೇ ಗುಣಿಯಿಂದ ಹೊರಳಿ ಮುಂದಿನ ಗುಣಿಯಲ್ಲಿ ಬಿದ್ದು ಸುಮ್ಮನಾಗುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೆಲ್ಲೋ ಇನ್ನೊಂದು. ಇನ್ನೊಂದು ಸುತ್ತು ತಿರುಗಿಸಿ. ಈಗ ಕುಪ್ಪಳ ಶುರು. ಮಂಡಕ್ಕಿ ಭಟ್ಟಿಯ ಬಾಣಲೆಯಲ್ಲಿ ಕಾಳು ಸಿಡಿಯುವುದನ್ನು ದಾವಣಗೆರೆಯವರಿಗೆ ಹೇಳಿಕೊಡಬೇಕಾಗಿಲ್ಲ, ನೋಡುವುದಕ್ಕೆ ಹಾಗೇ ಇರುತ್ತದೆ. ಬಾಣಲೆಯಲ್ಲಿ ಮೇಲಕ್ಕೆ ಸಿಡಿಯುತ್ತದೆ, ಇಲ್ಲಿ ಮುಂದಕ್ಕೆ. ನೀರು 2 ಸೆಂ.ಮೀ. ಆಳವಾದಾಗ ಈ ಕಾಲುವೆಯಲ್ಲಿ ಅದರ ಓಟ ಸೆಕೆಂಡಿಗೆ ಸುಮಾರು 30 ಸೆಂ.ಮೀ. ಇರುತ್ತದೆ. ನಿಮಿಷಕ್ಕೆ 20 ಲೀಟರಿನಷ್ಟು ನೀರು.

ವಿಡಿಯೊ ತೆಗೆದು ಒಂದು ಕಾಳನ್ನು ಹಿಡಿಯಿರಿ. ಒಂದೇ ಕಾಳು. ಕಣ್ಣು ಬೇರೆ ಕಡೆ ಹೋಗಬಾರದು. ನಾನು ಹಿಡಿದ ಒಂದು ಕಾಳು ಗೆರೆಯಿಂದ ಗೆರೆಗೆ, ಅಂದರೆ 1 ಸೆಂ.ಮೀ. ದೂರಕ್ಕೆ, 12 ಫ್ರೇಮ್ ತೆಗೆದುಕೊಂಡಿತು. 240ರಲ್ಲಿ 12 ಅಂದರೆ ಸೆಕೆಂಡಿನ 20ನೇ ಒಂದು ಪಾಲು. ಸೆಕೆಂಡಿಗೆ 20 ಸೆಂ.ಮೀ. ಆಯಿತು. ನೀರು 30ರಲ್ಲಿ ಓಡಿದರೆ ಕಾಳು 20ರಲ್ಲಿ. ಯಾವಾಗಲೂ ಹಿಂದೆಯೇ ಬೀಳುತ್ತದೆ, ಯಾಕೆಂದರೆ ಅದು ಓಡುವ ಮಟ್ಟದಲ್ಲಿ ನೀರೇ ನಿಧಾನ.

ನೆಗೆತದ ಆಕಾರ ನೋಡಿ. ಏಳುವುದು ಕಡಿದಾಗಿ, ಧಡಕ್ಕನೆ. ಇಳಿಯುವುದು ಉದ್ದಕ್ಕೆ, ನಿಧಾನಕ್ಕೆ. ಬಿದ್ದಾಗ ಚೆಂಡಿನ ಹಾಗೆ ಪುಟಿಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಸಣ್ಣ ಉಸುಕು ನೀರೊಳಗೆ ಅಷ್ಟೇನೂ ಪುಟಿಯುವುದಿಲ್ಲ. ಬೀಳುವಾಗ ನೀರು ಅದರ ಪೆಟ್ಟನ್ನು ಮೆತ್ತಗೆ ಮಾಡಿಬಿಡುತ್ತದೆ, ಮತ್ತೆ ಎಬ್ಬಿಸುವುದೂ ನೀರೇ. ಗಾಳಿಯಲ್ಲಿ ಹಾಗಲ್ಲ. ಬೇಸಿಗೆ ಗಾಳಿಗೆ ರಸ್ತೆ ಬದಿಯ ಮರಳು ಕಾಲಿಗೆ ಚುಚ್ಚುತ್ತದಲ್ಲ, ಅಲ್ಲಿ ಒಂದು ಕಾಳು ಬಿದ್ದ ಪೆಟ್ಟಿಗೆ ಕೇರಂ ಪಾನುಗಳ ಹಾಗೆ ಉಳಿದವು ಚದುರಿ ಏಳುತ್ತವೆ. ಗಾಳಿಗಿಂತ ಮರಳು ಎರಡು ಸಾವಿರ ಪಟ್ಟು ಭಾರ, ಪೆಟ್ಟು ತಗ್ಗಿಸುವ ಶಕ್ತಿ ಗಾಳಿಗೆಲ್ಲಿದೆ?

ಇನ್ನು ಎತ್ತರ. ಈ ಲೇಖನ ಬರೆಯುವುದಕ್ಕೆ ಕಾರಣವೇ ಈ ಎತ್ತರ. 1 ಮಿ.ಮೀ. ಕಾಳು ಸಾಮಾನ್ಯ ಹರಿವಿನಲ್ಲಿ ಏಳುವುದು ತನ್ನ ಗಾತ್ರದ ಎರಡು, ಮೂರು, ನಾಲ್ಕು ಪಟ್ಟು. ಅಷ್ಟೇ. 2 ಸೆಂ.ಮೀ. ನೀರಿನಲ್ಲಿ ತಳದ ಅರ್ಧ ಸೆಂಟಿಮೀಟರಿನಲ್ಲೇ ಉಸುಕಿನ ಸಂಸಾರ ಎಲ್ಲ ಮುಗಿಯುತ್ತದೆ. ಮೇಲಿನ ಒಂದೂವರೆ ಸೆಂಟಿಮೀಟರು ಖಾಲಿ. ಹರಿವು ಜೋರಾದರೆ ಇನ್ನಷ್ಟು ಎತ್ತರ ಏಳುತ್ತದೆ, ಆದರೂ ದಪ್ಪ ಉಸುಕಿನ ಬಹುಪಾಲು ತಳ ಬಿಟ್ಟು ಬಹಳ ಮೇಲೆ ಬರುವುದಿಲ್ಲ. ಇದನ್ನು ನೋಡಿದ ದಿನ ನನಗೆ ತಳದಲ್ಲಿಟ್ಟ ಆ ಪೈಪು ನೆನಪಾಗಿ ಹಣೆ ಚಚ್ಚಿಕೊಳ್ಳುವ ಹಾಗಾಯಿತು.

ಈಗ ರಾಗಿ ಹಾಕಿ. ಚಿಟಿಕೆ ಚಿಟಿಕೆಯಾಗಿ, ಮೇಲ್ತುದಿಯಲ್ಲಿ. ಗಾತ್ರ ಹೆಚ್ಚೂಕಮ್ಮಿ ನಿಮ್ಮ ದಪ್ಪ ಉಸುಕಿನಷ್ಟೇ, ಆದರೆ ನೀರಿಗಿಂತ ಸ್ವಲ್ಪವೇ ಭಾರ. ಉಸುಕು ಅಲುಗದ ಹರಿವಿನಲ್ಲೇ ರಾಗಿ ಕುಣಿಯುತ್ತದೆ. ಉಸುಕು ಕುಣಿಯುವ ಹರಿವಿನಲ್ಲಿ ರಾಗಿ ಅರ್ಧ ಕಾಲುವೆಯನ್ನು ಒಂದೇ ನೆಗೆತಕ್ಕೆ ದಾಟುತ್ತದೆ. ಅಕ್ಕಿ ಜಾಲಿಸುವಾಗ ಅಮ್ಮ ಮಾಡುವುದು ಇದೇ ಅಲ್ವಾ? ನೀರಾಡಿಸಿ ಅಕ್ಕಿಯನ್ನು ದಾಟಿಸುತ್ತಾರೆ, ಕಲ್ಲು ತಳದಲ್ಲಿ ಉಳಿಯುತ್ತದೆ. ಒಣ ರಾಗಿ ಹಾಕಿದರೆ ಕೆಲವು ಗಾಳಿ ಹಿಡಿದು ತೇಲುತ್ತವೆ, ಅದಕ್ಕೇ ನೆನೆಹಾಕಿ ಅಂದದ್ದು.

ಇನ್ನೊಂದು ಆಟ. ಕೆರೆಯ ಜೇಡಿಮಣ್ಣನ್ನು ರೊಟ್ಟಿ ಹಿಟ್ಟಿನ ಹಾಗೆ ನಾದಿ, ಉಸುಕಿನ ನಡುವೆ ಒಂದು ಕಡೆ ಒತ್ತಿ ಕೂರಿಸಿ. ಸುತ್ತಲಿನ ಉಸುಕು ಕೊಚ್ಚಿ ಹೋದರೂ ಅದು ಅಲ್ಲಾಡುವುದಿಲ್ಲ. ಜೇಡಿ ಕಾಳು ಉಸುಕಿಗಿಂತ ಎಷ್ಟೋ ಪಟ್ಟು ಸಣ್ಣದು, ಆದರೆ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಕಲ್ಲನ್ನು ಅದರ ತೂಕ ಉಳಿಸುತ್ತದೆ, ಜೇಡಿಯನ್ನು ಅದರ ಅಂಟು ಉಳಿಸುತ್ತದೆ, ಎರಡೂ ಇಲ್ಲದ ಉಸುಕು ಎಲ್ಲರಿಗಿಂತ ಮೊದಲು ಹೊರಡುತ್ತದೆ. ಸ್ವೀಡನ್ನಿನ ಭೂಗೋಳ ವಿಜ್ಞಾನಿ ಫಿಲಿಪ್ ಯೂಲ್‌ಸ್ಟ್ರೋಮ್ 1935ರಲ್ಲಿ ಇದನ್ನೇ ಗ್ರಾಫಿನ ಒಂದು ಗೆರೆಯಾಗಿ ಎಳೆದು ತೋರಿಸಿದರು. ಅರ್ಧ ಮಿ.ಮೀ. ಆಸುಪಾಸಿನ ಉಸುಕನ್ನು ಎಬ್ಬಿಸುವುದು ಎಲ್ಲಕ್ಕಿಂತ ಸುಲಭ.

ಡ್ರಮ್ಮು ಖಾಲಿಯಾಗುತ್ತಾ ಬಂದಾಗ ನಿಲ್ಲಿಸಬೇಡಿ. ಒತ್ತಡ ಇಳಿದು ಹರಿವು ತಾನೇ ಸಣ್ಣಗಾಗುತ್ತದೆ, ಮಳೆ ನಿಂತ ಮೇಲಿನ ಹಳ್ಳದ ಹಾಗೆ. ಯಾವ ಕಾಳು ಮೊದಲು ನಿಲ್ಲುತ್ತದೆ ನೋಡಿ. ದಪ್ಪದ್ದು ಮೊದಲು, ಸಣ್ಣದ್ದು ಕೊನೆಗೆ.

ಸ್ಲೋ ಮೋಷನ್ ಬಿಟ್ಟು ಸುಮ್ಮನೆ ಕಣ್ಣಲ್ಲಿ ಐದು ನಿಮಿಷ ನೋಡಿದರೆ ಇನ್ನೊಂದು ವಿಷಯ ಗೊತ್ತಾಗುತ್ತದೆ. ಕಾಳುಗಳು ಬಹುಪಾಲು ಹೊತ್ತು ಸುಮ್ನೆ ಕೂತಿರುತ್ತವೆ. ನಾಲ್ಕು ನೆಗೆತ, ಆಮೇಲೆ ದೀರ್ಘ ವಿಶ್ರಾಂತಿ. ಯಾವಾಗ ಏಳುತ್ತದೆ ಅಂತ ಒಂದೊಂದು ಕಾಳಿಗೂ ಹೇಳುವುದು ಸಾಧ್ಯವಿಲ್ಲ, ಎಷ್ಟು ಸಾಧ್ಯತೆ ಅಂತ ಮಾತ್ರ ಹೇಳಬಹುದು. ಹೀಗೆ ಲೆಕ್ಕ ಹಾಕಲು ಶುರು ಮಾಡಿದವರು ಹಾನ್ಸ್ ಆಲ್ಬರ್ಟ್ ಐನ್‌ಸ್ಟೈನ್, ಆ ಐನ್‌ಸ್ಟೈನರ ಮಗ. ಹೊಳೆ ತಳದ ಉಸುಕೇ ಅವರ ಜೀವಮಾನದ ಕೆಲಸ.

ಹೊರಗೆ ಹೋದಾಗ

ಮಳೆಗಾಲದಲ್ಲಿ ಹರಿಹರದಲ್ಲಿ ತುಂಗಭದ್ರೆಗಾಗಲಿ, ಭದ್ರಾ ಚಾನಲ್ಲಿಗಾಗಲಿ ಇಳಿಯಬೇಡಿ. ಚಾನಲ್ಲಿನ ಅಂಚು ಪಾಚಿ ಹಿಡಿದಿರುತ್ತದೆ, ಜಾರಿದರೆ ಹಿಡಿಯುವುದಕ್ಕೆ ಏನೂ ಸಿಗುವುದಿಲ್ಲ. ಪಾದ ಮುಳುಗುವಷ್ಟು ನೀರಿರುವ ಹೊಲಗಾಲುವೆ ಸಾಕು.

ನನಗೆ ಇಷ್ಟವಾಗುವುದು ಬೇಸಿಗೆ. ಹಿರಿಯೂರಿನ ಕಡೆ ವೇದಾವತಿ ಒಣಗಿದಾಗ ಉಸುಕಿನ ಮೇಲೆ ಸಾಲು ಸಾಲು ಅಲೆಯ ಗುರುತು ಉಳಿದಿರುತ್ತದೆ. ಕೂತು ಬೆರಳಾಡಿಸಿ. ಒಂದು ಪಕ್ಕ ಇಳಿಜಾರು, ಒಂದು ಪಕ್ಕ ಕಡಿದು. ಕಾಳುಗಳು ಇಳಿಜಾರಿನ ಪಕ್ಕವನ್ನು ಕುಪ್ಪಳಿಸಿ ಹತ್ತಿ, ನೆತ್ತಿಯಲ್ಲಿ ನಿಂತು, ಆ ಕಡೆ ಜಾರಿ ಬಿದ್ದಿರುತ್ತವೆ. ಕಡಿದಾದ ಪಕ್ಕ ಯಾವ ಕಡೆಗಿದೆಯೋ ನೀರು ಹೋದದ್ದು ಆ ಕಡೆಗೆ. ಚಪ್ಪಟೆ ಕಲ್ಲುಗಳಿದ್ದರೆ ಅವು ಮನೆ ಹಂಚಿನ ಹಾಗೆ ಒಂದರ ಮೇಲೊಂದು ಒರಗಿರುತ್ತವೆ, ನೀರು ಬಂದ ದಿಕ್ಕಿಗೆ ತಗ್ಗಾಗಿ.

ಹಳ್ಳ ಎಷ್ಟು ದೊಡ್ಡ ಕಲ್ಲು ಉರುಳಿಸಬಲ್ಲದು ಅಂತ ಅಂದಾಜು ಬೇಕೇ? ನೀರಿನ ಆಳವನ್ನು ಮಿ.ಮೀ.ನಲ್ಲಿ ತೆಗೆದುಕೊಂಡು ಇಳಿಜಾರಿನಿಂದ ಗುಣಿಸಿ, ಮತ್ತೆ 11ರಿಂದ ಗುಣಿಸಿ. ಒಂದು ಅಡಿ ನೀರು ಅಂದರೆ 300 ಮಿ.ಮೀ., ಇಳಿಜಾರು ನೂರಕ್ಕೆ ಒಂದು. 300 ಗುಣಿಸು 0.01 ಗುಣಿಸು 11, ಉತ್ತರ 33 ಮಿ.ಮೀ. ನಿಂಬೆಹಣ್ಣಿನಷ್ಟು ಕಲ್ಲು ಹೊರಡುತ್ತದೆ. ಇದು ಗರಸು, ಕಲ್ಲಿಗೆ ಮಾತ್ರ, ಸಣ್ಣ ಉಸುಕಿಗೆ ಹಾಕಬೇಡಿ.

ಇನ್ನು ಹೊಂಡದ ವಿಷಯ

ಮೊದಲು ಎಷ್ಟು ನೀರು ಬರುತ್ತದೆ ಅಳೆಯಿರಿ. ಜೋರು ಮಳೆಯ ದಿನ ಹೊಂಡಕ್ಕೆ ಬರುವ ಕಾಲುವೆಯಲ್ಲಿ 3 ಮೀಟರ್ ಗುರುತು ಹಾಕಿ, ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡಿನ ತುಂಡು ಬಿಟ್ಟು ಸೆಕೆಂಡು ಎಣಿಸಿ. ನಮ್ಮಲ್ಲಿ 6 ಸೆಕೆಂಡು ಬಂತು. ಸೆಕೆಂಡಿಗೆ ಅರ್ಧ ಮೀಟರ್. ಅದು ಮೇಲಿನ ನೀರಿನ ಓಟ, ಸರಾಸರಿ ಸಿಗಬೇಕಾದರೆ 0.85ರಿಂದ ಗುಣಿಸಬೇಕು. ಕಾಲುವೆ ಅರ್ಧ ಮೀಟರ್ ಅಗಲ, 10 ಸೆಂ.ಮೀ. ಆಳ. ಎಲ್ಲ ಗುಣಿಸಿದರೆ ಸೆಕೆಂಡಿಗೆ ಸುಮಾರು 21 ಲೀಟರ್.

ಆಮೇಲೆ ಯಾವುದನ್ನು ಹಿಡಿಯಬೇಕು ಅಂತ ತೀರ್ಮಾನ ಮಾಡಿ. ಎಲ್ಲವನ್ನೂ ಹಿಡಿಯುತ್ತೇನೆ ಅಂದರೆ ಆಗದ ಮಾತು. ನಿಂತ ನೀರಿನಲ್ಲಿ 0.1 ಮಿ.ಮೀ. ಉಸುಕು ಸೆಕೆಂಡಿಗೆ ಸುಮಾರು 8 ಮಿ.ಮೀ. ಇಳಿಯುತ್ತದೆ. 0.01 ಮಿ.ಮೀ. ಕಣ ಒಂದು ಮೀಟರ್ ಇಳಿಯಲು ಮೂರು ಗಂಟೆ ತೆಗೆದುಕೊಳ್ಳುತ್ತದೆ. ಗುಂಡಿಯ ಮೇಲ್ಮೈ ಎಷ್ಟಿರಬೇಕು ಅನ್ನುವುದಕ್ಕೆ, ಬರುವ ನೀರನ್ನು ಕಾಳು ಇಳಿಯುವ ವೇಗದಿಂದ ಭಾಗಿಸಿ. ಮೊದಲನೆಯದಕ್ಕೆ ಎರಡೂವರೆ ಚದರ ಮೀಟರು ಬರುತ್ತದೆ. ಗುಂಡಿಯೊಳಗೂ ನೀರು ಕದಡುವುದರಿಂದ ದುಪ್ಪಟ್ಟು ಮಾಡಿ 5 ಇಟ್ಟುಕೊಳ್ಳಿ, ಅಂದರೆ 2 ಮೀಟರ್ ಅಗಲ, ಎರಡೂವರೆ ಮೀಟರ್ ಉದ್ದ. ಎರಡನೆಯದಕ್ಕೆ 200 ಚದರ ಮೀಟರಿಗೂ ಜಾಸ್ತಿ, ಅದು ಗುಂಡಿಯಲ್ಲ, ಇನ್ನೊಂದು ಹೊಂಡವೇ. ಜೇಡಿಯನ್ನು ಬಿಟ್ಟುಬಿಡಿ. ಅದನ್ನು ತಡೆಯಬೇಕಾದ್ದು ಮೇಲಿನ ಹೊಲದ ಬದುವಿನಲ್ಲಿ, ಹುಲ್ಲಿನ ಪಟ್ಟಿಯಲ್ಲಿ.

ಆಳದ ಬಗ್ಗೆ ಎಲ್ಲರೂ ತಪ್ಪು ತಿಳಿದಿರುತ್ತಾರೆ, ನಾನೂ ಅವರಲ್ಲೊಬ್ಬ. ಆಳ ಜಾಸ್ತಿಯಾದರೆ ಉಸುಕು ಜಾಸ್ತಿ ಸಿಗುತ್ತದೆ ಅಂತ ಅಲ್ಲ. ಸಿಗುವುದನ್ನು ನಿರ್ಧರಿಸುವುದು ಮೇಲ್ಮೈ. ಆಳ ಬೇಕಾದ್ದು ಸಿಕ್ಕಿದ್ದನ್ನು ಇಟ್ಟುಕೊಳ್ಳಲು, ಮತ್ತೆ ಬಿದ್ದದ್ದು ಇನ್ನೊಮ್ಮೆ ಏಳದಿರಲು. ಒಂದು ಮೀಟರ್ ಸಾಕು.

ನೀರನ್ನು ಹೊಂಡಕ್ಕೆ ಬಿಡುವುದು ಮೇಲಿನಿಂದಲೇ. ಪೈಪು ಬೇಡ. ಗುಂಡಿಯ ಹೊಂಡದ ಕಡೆಯ ಗೋಡೆಯನ್ನೇ ಪೂರ್ತಿ ಅಗಲಕ್ಕೆ ಸಮಮಟ್ಟದ ಕೋಡಿ ಮಾಡಿ, ನೀರು ತೆಳ್ಳಗೆ ಹರಡಿ ಉಕ್ಕಿ ಹೋಗಲಿ. ಒಂದೇ ಕಡೆ ಸಣ್ಣ ಬಾಯಿ ಬಿಟ್ಟರೆ ಅಲ್ಲಿ ಓಟ ಜಾಸ್ತಿಯಾಗಿ ಉಸುಕನ್ನು ಎಳೆದುಕೊಳ್ಳುತ್ತದೆ. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ ನೀರು ಇಳಿಯುವ ಏರ್ಪಾಡು ಇದೆಯಲ್ಲ, ಮುಂದಿನ ಸಲ ಹೋದಾಗ ಅದನ್ನು ಈ ಕಣ್ಣಿನಿಂದ ನೋಡಿ. ತುಂಬಿ ಉಕ್ಕಿದ ನೀರು ಮೇಲಿನ ನೀರು, ಉಸುಕು ಮೊದಲ ಹೊಂಡದ ತಳದಲ್ಲೇ ಕೂರುತ್ತದೆ.

ಕಾಲುವೆ ಗುಂಡಿಗೆ ಸೇರುವಲ್ಲಿ ಒಮ್ಮೆಲೇ ಅಗಲ ಮಾಡಿ, ನಾಲ್ಕು ದಪ್ಪ ಕಲ್ಲು ಹಾಕಿ, ರಭಸ ಮುರಿಯಲಿ. ಉಸುಕು ಬೀಳುವುದು ಬಾಯಿಯ ಹತ್ತಿರವೇ. ಅಲ್ಲಿ ದಪ್ಪದ್ದು, ದೂರ ಹೋದ ಹಾಗೆ ಸಣ್ಣದು. ದೊಡ್ಡ ಅಣೆಕಟ್ಟುಗಳಲ್ಲೂ ಇದೇ ಕ್ರಮ, ಉಸುಕು ಹಿನ್ನೀರಿನ ತಲೆಯಲ್ಲಿ, ಜೇಡಿ ಕಟ್ಟೆಯವರೆಗೆ. ಹರಿಹರ ದಾಟಿದ ನಮ್ಮ ಹೊಳೆ ಹೊಸಪೇಟೆಯ ಜಲಾಶಯಕ್ಕೆ ತಾನೆ ಸೇರುವುದು. ಶುರುವಿನಲ್ಲಿ ಸುಮಾರು 133 ಟಿಎಂಸಿ ಹಿಡಿಸುತ್ತಿದ್ದ ಅದು ಹೂಳು ತುಂಬಿ ಈಗ 105 ಟಿಎಂಸಿ ಆಸುಪಾಸಿಗೆ ಬಂದಿದೆ.

ಗುಂಡಿ ಅರ್ಧ ತುಂಬುವವರೆಗೆ ಕಾಯಬೇಡಿ. ಹೂಳು ಏರಿದ ಹಾಗೆ ಮೇಲೆ ಉಳಿಯುವ ನೀರು ತೆಳ್ಳಗಾಗಿ ಓಟ ಹೆಚ್ಚುತ್ತದೆ, ಬಿದ್ದ ಉಸುಕು ಮತ್ತೆ ಕುಪ್ಪಳಿಸಿ ಕೋಡಿ ಹತ್ತುತ್ತದೆ. ನಾವು ಪ್ರತಿ ದೊಡ್ಡ ಮಳೆ ಆದ ವಾರದಲ್ಲಿ ಒಬ್ಬರನ್ನು ಇಳಿಸಿ ಬುಟ್ಟಿಯಲ್ಲಿ ತೆಗೆಸುತ್ತೇವೆ. ಹೋದ ವರ್ಷ ತೆಗೆದ ಉಸುಕನ್ನು ತೊಳೆದು ಜರಡಿ ಹಿಡಿದು ಪಂಪ್ ಮನೆಯ ಗೋಡೆಗೆ ಗಾರೆ ಕಲಸಿದ್ದಾಯಿತು. ಕಲಸಿದವನು ಅದೇ ಮೇಸ್ತ್ರಿ. ಕೋಡಿ ನೋಡಿ, "ಪೈಪು ಎಲ್ಲಿ ಹೋಯ್ತು ಸಾರ್?" ಅಂತ ಕೇಳಿದ. ಮಹಡಿ ಮೇಲಿನ ವಿಡಿಯೊ ತೋರಿಸಿದೆ. ಎರಡು ಸಲ ಹಾಕಿಸಿಕೊಂಡು ನೋಡಿದ.